ಸಾವಿರ ಡಾಲರ್ ಸ್ಕಾಲರ್‌ಶಿಪ್ ಅಂತ ಸುಮ್ನೆ ಬಿಡಬೇಡಿ

ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಅಫೇರ್ಸ್ ಮಾಸ್ಟರ್ಸ್ ಮಾಡುವ ಯೋಚನೆ ಇದ್ದವರು ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಅಲ್ಲಿ ವರ್ಷಕ್ಕೆ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಸಿಕ್ಕರೂ ಸಾಕು, ಹೊರಗಿನವರ ಫೀಸಿನ ಬದಲು ಆ ರಾಜ್ಯದವರ ಫೀಸನ್ನೇ ಕಟ್ಟುವ ಅವಕಾಶ ಇದೆ. ವಿದೇಶಿ ವಿದ್ಯಾರ್ಥಿಗಳಿಗೂ ಇದು ಅನ್ವಯಿಸುತ್ತದೆ. ಇದು ರಾಜ್ಯದ ಕಾನೂನಿನಲ್ಲೇ ಇರುವ ವಿನಾಯಿತಿ. ಎರಡು ಫೀಸಿನ ನಡುವೆ ಸೆಮಿಸ್ಟರ್‌ಗೆ ಸಾವಿರಾರು ಡಾಲರ್ ವ್ಯತ್ಯಾಸ ಇರುವುದರಿಂದ, ಸ್ಕಾಲರ್‌ಶಿಪ್ ಹಣಕ್ಕಿಂತ ಅದರ ಜೊತೆ ಬರುವ ಈ ರಿಯಾಯಿತಿಯೇ ದೊಡ್ಡದು! ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಬುಷ್ ಸ್ಕೂಲ್‌ನಲ್ಲಿ ಇಂಟರ್‌ನ್ಯಾಷನಲ್ ಅಫೇರ್ಸ್ ಇದೆ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಎಲ್‌ಬಿಜೆ ಸ್ಕೂಲ್‌ನಲ್ಲಿ ಗ್ಲೋಬಲ್ ಪಾಲಿಸಿ ಸ್ಟಡೀಸ್ ಇದೆ. ಆದರೆ ಎಲ್ಲಾ ಸ್ಕಾಲರ್‌ಶಿಪ್‌ಗೂ ಇದು ನಡೆಯುವುದಿಲ್ಲ. ಅದು ಟೆಕ್ಸಾಸ್ ವಿದ್ಯಾರ್ಥಿಗಳ ಜೊತೆ ಪೈಪೋಟಿಯಲ್ಲಿ ಗೆದ್ದದ್ದಾಗಿರಬೇಕು. ಒಂದು ವಿಶ್ವವಿದ್ಯಾಲಯ ಒಟ್ಟು ವಿದ್ಯಾರ್ಥಿಗಳಲ್ಲಿ ಶೇ 5ಕ್ಕಿಂತ ಜಾಸ್ತಿ ಜನರಿಗೆ ಇದನ್ನು ಕೊಡುವಂತಿಲ್ಲ. ಸ್ಕಾಲರ್‌ಶಿಪ್ ಮೊದಲ ವರ್ಷಕ್ಕೆ ಮಾತ್ರ ಅಂದರೆ ರಿಯಾಯಿತಿಯೂ ಅಲ್ಲಿಗೇ ಮುಗಿಯಿತು, ಎರಡನೇ ವರ್ಷ ಪೂರ್ತಿ ಫೀಸು. ಹಾಗಾಗಿ ಆಫರ್ ಲೆಟರ್ ಬಂದ ತಕ್ಷಣ ಈಮೇಲ್‌ನಲ್ಲಿ ಎರಡೇ ಪ್ರಶ್ನೆ ಕೇಳಿ: ಈ ಸ್ಕಾಲರ್‌ಶಿಪ್‌ಗೆ ಟ್ಯೂಷನ್ ವೇವರ್ (ಅಂದರೆ ಈ ಫೀಸು ರಿಯಾಯಿತಿ) ಸೇರಿದೆಯಾ? ಎರಡನೇ ವರ್ಷಕ್ಕೂ ಇದೆಯಾ? ಉತ್ತರ ಬರಹದಲ್ಲೇ ಇರಲಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಜಾರ್ಜ್‌ಟೌನ್, ಜಾನ್ಸ್ ಹಾಪ್ಕಿನ್ಸ್‌ನಂಥ ಖಾಸಗಿ ಸಂಸ್ಥೆಗಳಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಒಳಗಿನವರು ಹೊರಗಿನವರು ಅನ್ನುವ ಫೀಸೇ ಇಲ್ಲವಲ್ಲ. ಊಟ, ಬಾಡಿಗೆ, ಇನ್ಶೂರೆನ್ಸ್ ಖರ್ಚು ಬೇರೆ, ವೀಸಾಗೆ ಅದನ್ನೂ ತೋರಿಸಬೇಕು.