ತುದಿಗೆ ಹೋಗುತ್ತಾ ಕೆಂಪಾಗುತ್ತಿದ್ದ ಬಿಳಿ ಲೈಟು

ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಸುತ್ತಲೂ ಎಲ್‌ಇಡಿ ಸ್ಟ್ರಿಪ್ ಅಂಟಿಸಿದ್ದೆ, ಒಟ್ಟು 90 ಎಲ್‌ಇಡಿ. ಬೇರೆ ಬಣ್ಣ ಎಲ್ಲ ಚೆನ್ನಾಗಿಯೇ ಇತ್ತು. ಬಿಳಿ ಹಾಕಿದರೆ ಮಾತ್ರ ಶುರುವಿನಲ್ಲಿ ಹಾಲಿನಂತೆ, ಕೊನೆಯಲ್ಲಿ ಕೆಂಪು ಕೆಂಪು. ಎರಡು ದಿನ ಸುಮ್ನೆ ಸ್ಟ್ರಿಪ್ಪನ್ನೇ ಬೈದೆ.

ಆಮೇಲೆ ಲೆಕ್ಕ ಹಾಕಿದೆ. ಈ 5 ವೋಲ್ಟ್ ಸ್ಟ್ರಿಪ್‌ನ ಒಂದೊಂದು ಎಲ್‌ಇಡಿ ಪೂರ್ತಿ ಬಿಳಿಯಲ್ಲಿ ಸುಮಾರು 60 ಮಿಲಿಆಂಪ್ ಎಳೆಯುತ್ತದೆ, ಅಂದರೆ 90ಕ್ಕೆ 5.4 ಆಂಪ್. ಸ್ಟ್ರಿಪ್ ಸಿಕ್ಕಿಸಿದ್ದ ನನ್ನ ಮದರ್‌ಬೋರ್ಡ್ ಹೆಡರ್ (ಪಿನ್‌ಗಳ ಸಾಲು) ಕೊಡುವುದು 3 ಆಂಪ್ ಅಷ್ಟೇ! ಅದು ಸುಡದೆ ಉಳಿದಿದ್ದೇ ಪುಣ್ಯ. ಜೊತೆಗೆ ಉದ್ದಕ್ಕೂ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ, ಬಿಳಿ ಬರಲು ಕೆಂಪು, ಹಸಿರು, ನೀಲಿ ಮೂರೂ ಉರಿಯಬೇಕು, ನೀಲಿ ಹಸಿರಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು ಅಲ್ವಾ, ಅವೇ ಮೊದಲು ಮಂಕಾಗುತ್ತವೆ.

ಪವರ್ ಆಫ್ ಮಾಡಿ, ಪವರ್ ಸಪ್ಲೈನ ಮೋಲೆಕ್ಸ್‌ನಿಂದ (ನಾಲ್ಕು ಪಿನ್ನಿನ ಪ್ಲಗ್) ಕೆಂಪು ವೈರ್ (5 ವೋಲ್ಟ್, ಹಳದಿ 12, ಅದನ್ನು ಕೊಟ್ಟರೆ ಸ್ಟ್ರಿಪ್ ಕಥೆ ಮುಗೀತು) ಮತ್ತು ಕಪ್ಪು ವೈರ್ (ಗ್ರೌಂಡ್) ತಂದು ಸ್ಟ್ರಿಪ್‌ನ ಎರಡೂ ತುದಿಗೆ ಕೊಟ್ಟೆ. ಹೆಡರ್‌ನಿಂದ ಡೇಟಾ (ಬಣ್ಣ ಹೇಳುವ ಸಿಗ್ನಲ್), ಗ್ರೌಂಡ್ ಮಾತ್ರ, ಅದರ 5 ವೋಲ್ಟ್ ಪಿನ್ ಖಾಲಿ. ಗ್ರೌಂಡ್ ಜೋಡಿಸದೆ ಬಿಟ್ಟಾಗ ಲೈಟು ಹುಚ್ಚುಹುಚ್ಚಾಗಿ ಮಿನುಗಿತ್ತು.

ಹೊಸ ವೈರುಗಳನ್ನೆಲ್ಲ ಮದರ್‌ಬೋರ್ಡ್ ಹಿಂದಿನಿಂದ ಎಳೆದು ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟಿದೆ. ಮೊದಲು ಪ್ಲಾಸ್ಟಿಕ್ ಟೈ ಹಾಕುತ್ತಿದ್ದೆ, ಅದನ್ನು ಕತ್ತರಿಸಲು ಹೋಗಿ ಒಮ್ಮೆ ಫ್ಯಾನ್ ವೈರನ್ನೇ ಕತ್ತರಿಸಿಬಿಟ್ಟೆ. ಹಿಂದಿನ ಪ್ಯಾನೆಲ್ ಈಗ ಒತ್ತದೆಯೇ ಮುಚ್ಚುತ್ತದೆ.