ತೆಂಗಿನಕಾಯಿಗೆ ಗುರಿ ಇಡಲು ಮೊದಲ ರೈಫಲ್

ಹೋದ ತಿಂಗಳು ಬೆಂಗಳೂರಿನಿಂದ ಅಣ್ಣನ ಮಗ ಫೋನ್ ಮಾಡಿದ. "ಚಿಕ್ಕಪ್ಪ, ಜಿಂಕೆ ಬೇಟೆಗೆ ಪಾಯಿಂಟ್ 308 ರೈಫಲ್ ಒಳ್ಳೆಯದಾ, 30-06 ಒಳ್ಳೆಯದಾ?" ಅಮೆರಿಕದ ವಿಡಿಯೊ ನೋಡಿ ನೋಡಿ ತಲೆಗೆ ಹತ್ತಿದೆ ಅವನಿಗೆ. ಅಲ್ಲಿ ಸೀಸನ್ ಇಟ್ಟು, ಲೈಸೆನ್ಸ್ ಕೊಟ್ಟು ಬೇಟೆಗೆ ಬಿಡುತ್ತಾರೆ. ಅಲ್ಲಿಯವರಿಗೆ ಇವೆರಡರಲ್ಲಿ ಯಾವುದಾದರೂ ಆಗುತ್ತದೆ. ಭುಜಕ್ಕೆ ಪೆಟ್ಟು ಬೇಡ ಅನ್ನುವವರು ಪಾಯಿಂಟ್ 243 ಹಿಡಿಯುತ್ತಾರೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಯಾವುದಕ್ಕೂ ಕೋವಿ ಎತ್ತುವಂತಿಲ್ಲ. ನಮಗೆ ಉಳಿದಿರುವುದು ತೆಂಗಿನಕಾಯಿ. ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ, ಪೂಜೆ ಮುಗಿಸಿ, ಅಕ್ಕಿ ಕಡುಬು ಕಡಂಬುಟ್ಟು, ಹಂದಿಮಾಂಸದ ಪಂದಿಕರಿ ತಿಂದು ಹೊರಟರೆ ಮರದ ತುದಿಯಲ್ಲಿ ಕಟ್ಟಿದ ಕಾಯಿ ಕಾಯುತ್ತಾ ಇರುತ್ತದೆ. ಅದಕ್ಕೆ ಯಾವ ಕೋವಿ ಬೇಕು ಅಂತ ಕೇಳು, ಹೇಳುತ್ತೇನೆ ಅಂದೆ.

ಮೊದಲು ಕಾಗದ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರ ಅಕ್ಟೋಬರ್‌ವರೆಗೆ. ಹಾಗಂತ ಸುಮ್ನೆ ಹೋಗಿ ಕೋವಿ ತರುವಂತಿಲ್ಲ. ವಿನಾಯಿತಿ ಪತ್ರ ಡಿಸಿ ಕಚೇರಿಯಲ್ಲಿ ಮಾಡಿಸಲೇಬೇಕು. ಉಳಿದವರಿಗೆ ಎಲ್ಲರಂತೆ ಲೈಸೆನ್ಸ್.

ರೈಫಲ್ ವಿಷಯಕ್ಕೆ ಬಂದರೆ ನನ್ನ ಮಾತು ಒಂದೇ: ಪಾಯಿಂಟ್ 22. ಗುಂಡಿನ ತೂಕ ಸುಮಾರು 2.6 ಗ್ರಾಂ ಅಷ್ಟೇ, ಆದರೆ ಕಾಯಿಗೆ ಅದು ಧಾರಾಳ. ಮೊದಲ ಕೋವಿಯೇ ದೊಡ್ಡ 315 ಆದರೆ ನಾಲ್ಕು ಈಡಿಗೆ ಭುಜ ನೋಯುತ್ತದೆ, ಐದನೆಯದಕ್ಕೆ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಅಜ್ಜನ ಜೋಡು ನಳಿಗೆ ಮನೆಯಲ್ಲಿದೆಯಲ್ಲ ಅಂತೀರಾ? ಇರಲಿ, ಆ 12 ಬೋರ್ ಚರೆ ಕೋವಿಗೆ ಕಾಯಿ ಹೊಡೆಯುವ ಸ್ಪರ್ಧೆಗಳಲ್ಲಿ ಎಷ್ಟೋ ಕಡೆ ಬೇರೆ ವಿಭಾಗವೇ ಇರುತ್ತದೆ.

ಅಂಗಡಿಯಲ್ಲಿ ಕೋವಿ ಖಾಲಿ ಇದೆ ಅಂತ ನೀವೇ ಬೋಲ್ಟ್ ತೆಗೆದು ನೋಡಿ. ಆಮೇಲೆ ಕಣ್ಣು ಮುಚ್ಚಿ ಭುಜಕ್ಕೆ ಎತ್ತಿ, ಕಣ್ಣು ಬಿಡಿ. ಕುತ್ತಿಗೆ ಚಾಚದೆ, ಕೆನ್ನೆ ಎತ್ತದೆ ಹಿಂದಿನ ಗುರಿಗಂಡಿಯಲ್ಲಿ ಮುಂದಿನ ಮೊನೆ ಕಾಣಬೇಕು. ಹೆಂಗಸರಿಗೆ ಎಷ್ಟೋ ರೈಫಲ್‌ಗಳ ಹಿಂಬದಿ ಮರ ಉದ್ದವಾಗುತ್ತದೆ, ಒಳ್ಳೆ ಕೆಲಸಗಾರ ಒಂದು ಇಂಚು ಕತ್ತರಿಸಿ ಕೊಡುತ್ತಾನೆ. ಕುಪ್ಯ, ಅಂದರೆ ನಮ್ಮ ಕೊಡವ ನಿಲುವಂಗಿ, ಹಾಕಿ ಹೊಡೆಯುವವರು ಕುಪ್ಯ ಹಾಕಿಕೊಂಡೇ ಅಳತೆ ನೋಡಿ, ನಗಬೇಡಿ. ಹಳೆಯದನ್ನು ಕೊಳ್ಳುವುದಾದರೆ ನಳಿಗೆಯ ಬಾಯಿ ನೋಡಿ. ಅಂಚು ಜಜ್ಜಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಖಾಲಿ ಕೋವಿಯ ಕುದುರೆಯನ್ನು ಟಕ್ ಟಕ್ ಎಳೆದು ಪರೀಕ್ಷೆ ಮಾಡಬೇಡಿ. ಹಳೆ 22ರಲ್ಲಿ ತೋಟಾ ಸಿಡಿಸುವ ಸೂಜಿ ನೇರ ಕಬ್ಬಿಣಕ್ಕೆ ಬಡಿದು ಹಾಳಾಗುತ್ತದೆ.

ತೋಟಾ ಕೊಳ್ಳುವಾಗ 22 ಲಾಂಗ್ ರೈಫಲ್ ಅಂತ ಕೇಳಿ, ಅದು ತೋಟಾದ ಹೆಸರು. 22 ಮ್ಯಾಗ್ನಮ್ ಬೇರೆ, ಅದು ಇದಕ್ಕೆ ಹೊಂದುವುದಿಲ್ಲ. ಒಂದೇ ಕಂಪನಿಯದ್ದನ್ನು ರಾಶಿ ಹಾಕಬೇಡಿ. ಸಿಕ್ಕಿದ್ದರಲ್ಲಿ ಎರಡು ಮೂರು ಬಗೆ ತಂದು, 25 ಗಜದಲ್ಲಿ ಕಾಗದಕ್ಕೆ ಐದೈದು ಹೊಡೆಯಿರಿ. ಯಾವುದರ ತೂತುಗಳು ಒತ್ತೊತ್ತಾಗಿ ಬಿದ್ದವೋ ಅದೇ ನಿಮ್ಮ ಕೋವಿಗೆ ಇಷ್ಟ. ಹೊಡೆಯುವುದು ಬರೆಯ ಕಡೆಗೆ ಮಾತ್ರ, ಅಂದರೆ ಹಿಂದೆ ಮಣ್ಣಿನ ಗೋಡೆ ಇರಬೇಕು. ಈ ಸಣ್ಣ ಗುಂಡು ಒಂದೂವರೆ ಮೈಲಿವರೆಗೂ ಹೋಗಬಲ್ಲದು. ತೋಟದ ಆಚೆ ಕೆಲಸಗಾರರ ಲೈನ್ ಮನೆಗಳಿರುತ್ತವೆ, ಅಲ್ವಾ?

ಇನ್ನು ಸ್ಕೋಪ್. ಇಲ್ಲಿ ನಾನೇ ದುಡ್ಡು ಕಳೆದುಕೊಂಡವನು. ದೊಡ್ಡದಿದ್ದರೆ ಒಳ್ಳೆಯದು ಅಂತ 3-9×40 ತಂದು ಕೂರಿಸಿದೆ. 3ರಿಂದ 9 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್. ಅಳತೆಯಲ್ಲಿ ತಪ್ಪಿರಲಿಲ್ಲ. ಅದು ದೊಡ್ಡ ರೈಫಲ್‌ಗೆ ಮಾಡಿದ್ದು, 100 ಗಜಕ್ಕೆ ಹೊಂದಿಸಿದ್ದು. 25 ಗಜದ ಕಾಯಿಯ ಮೇಲೆ ಇಟ್ಟರೆ ತಲೆ ಕೊಂಚ ಅಲುಗಿದರೂ ಅಡ್ಡಗೆರೆ ಜಾರುತ್ತಿತ್ತು. ಜೊತೆಗೆ ನಾನು 9 ಪಟ್ಟಿಗೆ ತಿರುಗಿಸಿಟ್ಟಿದ್ದೆ, ನನ್ನ ಎದೆಬಡಿತವೇ ಕಾಯಿಯನ್ನು ಕುಣಿಸುತ್ತಿತ್ತು. ಮೂರು ಈಡೂ ಗಾಳಿಗೆ. ಅದೇ ಕಾಯಿಯನ್ನು ಚಿಕ್ಕಮ್ಮ ಮಾವನ ಹಳೆ ರೈಫಲ್‌ನಲ್ಲಿ, ಬರಿಗಣ್ಣಲ್ಲಿ, ಎರಡನೇ ಈಡಿಗೆ ಇಳಿಸಿದರು. ಆಮೇಲೆ ವರ್ಷಪೂರ್ತಿ ನನ್ನನ್ನು "ದುರ್ಬೀನು" ಅಂತಲೇ ಕರೆದರು.

ಹಾಗಾಗಿ ಮೊದಲ ವರ್ಷ ಸ್ಕೋಪ್ ಬೇಡ. ಎಷ್ಟೋ ಸ್ಪರ್ಧೆಗಳಲ್ಲಿ ಬಿಡುವುದೂ ಇಲ್ಲ, ಮೊದಲೇ ಕೇಳಿಕೊಳ್ಳಿ. ಕಣ್ಣು ಮಂಜಾಗಿ ಬೇಕೇ ಬೇಕು ಅನ್ನುವವರು 22ಕ್ಕೆಂದೇ ಮಾಡಿದ, 50 ಗಜಕ್ಕೆ ಹೊಂದಿಸಿದ ನಾಲ್ಕು ಪಟ್ಟಿನದ್ದನ್ನು ತನ್ನಿ. ಗುರಿ ಕೂರಿಸುವಾಗ ಒಂದು ಲೆಕ್ಕ ನೆನಪಿರಲಿ. ಸಾಮಾನ್ಯ ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಅಂದರೆ 100 ಗಜದಲ್ಲಿ ಕಾಲು ಇಂಚು. 25 ಗಜದಲ್ಲಿ ಅದರ ಕಾಲು ಭಾಗ. ಅಂದರೆ ಗುಂಡು ಒಂದು ಇಂಚು ಬಲಕ್ಕೆ ಬಿದ್ದರೆ ಎಡಕ್ಕೆ 16 ಕ್ಲಿಕ್ ತಿರುಗಿಸಬೇಕು. ನಾಲ್ಕು ತಿರುಗಿಸಿ "ಸ್ಕೋಪೇ ಸರಿ ಇಲ್ಲ" ಅಂತ ಬೈದವರನ್ನು ಕಂಡಿದ್ದೇನೆ.

ಕೊನೆಗೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋವಿಯನ್ನು ಚರ್ಮದ ಕವರಿನಲ್ಲಿ ಇಡಬೇಡಿ. ಚರ್ಮ ತೇವ ಹಿಡಿದು ನಳಿಗೆಗೆ ತುಕ್ಕು ಬರಿಸುತ್ತದೆ. ಬೀಗ ಹಾಕಿದ ಒಣ ಬೀರುವಿನಲ್ಲಿ ನಿಲ್ಲಿಸಿ, ತೋಟಾ ಬೇರೆ ಕಡೆ ಇಡಿ, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಹಬ್ಬದ ಬೆಳಿಗ್ಗೆ ನಳಿಗೆ ಒಳಗಿನ ಎಣ್ಣೆ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಮೊದಲ ಈಡು ಎತ್ತಲೋ ಹೋಗುತ್ತದೆ.