ಜೇಬಿಗೊಂದು ಸುಳ್ಳು ಚಾಕು

ಮೊನ್ನೆ ಮೊಮ್ಮಗ ಫೋನು ಹಿಡಿದುಕೊಂಡು ಬಂದು "ಅಜ್ಜಿ, ಈ ಚಾಕು ತಗೊಳ್ಲಾ?" ಅಂದ. ಪರದೆಯ ತುಂಬ ಒಂದು ಮಡಚುವ ಚಾಕು, ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ತೂಕ ಎಷ್ಟೋ ಅಂದೆ, ಗೊತ್ತಿಲ್ಲ. ಮಡಚಿದರೆ ಎಷ್ಟುದ್ದ ಅಂದೆ, ಗೊತ್ತಿಲ್ಲ. ಅದರಲ್ಲಿ ಏನು ಕತ್ತರಿಸ್ತೀಯೋ ಅಂದರೆ ಒಂದು ಗಳಿಗೆ ಯೋಚಿಸಿ "ಒಳ್ಳೇ ಬ್ರಾಂಡ್ ಅಜ್ಜಿ" ಅಂದ. ಕೇಳಿದ್ದೇನು, ಹೇಳಿದ್ದೇನು!

ಇವನ ಅಕ್ಕ ಇದಕ್ಕೆ ತದ್ವಿರುದ್ಧ. ಬ್ರಾಂಡಿಗೆ ದುಡ್ಡು ಸುರಿಯುವವರು ದಡ್ಡರು, ಕೈಯಲ್ಲಿ ಚೆನ್ನಾಗಿ ಕೂತರೆ ಸಾಕು ಅಂತ ವಾದ ಮಾಡಿ, ಹೆಸರು ದೆಸೆಯಿಲ್ಲದ ಒಂದು ಚಾಕು ತಂದಳು. ಹಿಡಿ ನಿಜಕ್ಕೂ ಸೊಗಸಾಗಿತ್ತು, ಹೊಳೆಕಲ್ಲಿನ ಹಾಗೆ ಅಂಗೈಯಲ್ಲಿ ಕೂರುತ್ತಿತ್ತು. ನಾಲ್ಕು ರಟ್ಟಿನ ಡಬ್ಬಿ ಬಿಚ್ಚುವಷ್ಟರಲ್ಲಿ ಬಾಯಿ ಹೊರಳಿಕೊಂಡಿತು. ಸಾಣೆ ಹಿಡಿದು ಕೊಟ್ಟೆ. ಮತ್ತೆ ನಾಲ್ಕು ಡಬ್ಬಿ, ಮತ್ತೆ ಮೊಂಡು. ಈಗ ಅದು ಬಣ್ಣದ ಡಬ್ಬಿಯ ಮುಚ್ಚಳ ಎತ್ತುವ ಕೆಲಸಕ್ಕಿದೆ.

ಇಬ್ಬರೂ ಒಬ್ಬರ ಹತ್ತಿರ ಕೇಳಬೇಕಾದ್ದನ್ನು ಇನ್ನೊಬ್ಬರ ಹತ್ತಿರ ಕೇಳಿದ್ದಾರೆ. ಉಕ್ಕು ಹೇಗಿದೆ ಅಂತ ಕೈಯನ್ನು ಕೇಳಿದರೆ ಪಾಪ ಅದಕ್ಕೇನು ಗೊತ್ತು? ಹಿಡಿ ನನಗೆ ಹೊಂದುತ್ತದಾ ಅಂತ ಕಂಪನಿಯನ್ನು ಕೇಳಿದರೆ, ಅದೇನು ನಿನ್ನ ಕೈ ಕಂಡಿದೆಯಾ? ಹೆಸರಿಗೆ ಒಂದು ಕೆಲಸ, ಕೈಗೆ ಒಂದು ಕೆಲಸ. ಇಷ್ಟು ಸಣ್ಣ ವಿಷಯ ಇವರ ತಲೆಗೆ ಹೋಗದೆ ನನಗೆ ರೇಗುತ್ತದೆ, ಅದಕ್ಕೇ ಬರೆಯಲು ಕೂತೆ.

ಹೆಸರಿನ ಕೆಲಸ ಏನೆಂದರೆ, ಕಣ್ಣಿಗೆ ಕಾಣದ್ದಕ್ಕೆ ಜಾಮೀನು ನಿಲ್ಲುವುದು. ಚಾಕುವಿನ ಹಣೆಬರಹ ಇರುವುದು ಹದದಲ್ಲಿ. ಅಲಗನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಸಣ್ಣಗೆ ಕಾಯಿಸಿ ಇಳಿಸುತ್ತಾರಲ್ಲ, ಅದು. ಮೆತ್ತಗಾದರೆ ಬಾಯಿ ಹೊರಳುತ್ತದೆ, ಗಟ್ಟಿ ಹೆಚ್ಚಾದರೆ ಚಕ್ಕೆ ಏಳುತ್ತದೆ. ಅಂಗಡಿಯಲ್ಲಿ ನಿಂತು ಬೆರಳಾಡಿಸಿ ಇದನ್ನು ಕಂಡುಹಿಡಿಯುವುದು ಯಾರಪ್ಪನ ಕೈಲೂ ಆಗುವುದಿಲ್ಲ. ಹೊಸದರಲ್ಲಿ ಎಲ್ಲ ಚಾಕುವೂ ಹರಿತವೇ, ಹೊಸದರಲ್ಲಿ ಎಲ್ಲ ಪಾತ್ರೆಯೂ ಹೊಳೆಯುವ ಹಾಗೆ.

ಅಮೆರಿಕದ ಬಕ್ ಕಂಪನಿಯ 110 ಅಂತ ಒಂದು ಚಾಕು ಇದೆ, 1960ರ ದಶಕದಿಂದ ಮಾಡುತ್ತಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಹಾಕುವುದು 420ಎಚ್‌ಸಿ ಅನ್ನುವ ಉಕ್ಕು, ಏನೂ ಅಪರೂಪದ್ದಲ್ಲ. ಅದೇ ಉಕ್ಕನ್ನು ಬೇರೆಯವರೂ ಹಾಕುತ್ತಾರೆ. ಆದರೂ ಇದರ ಬಾಯಿ ನಿಲ್ಲುತ್ತದೆ ಅಂತ ಹೆಸರು, ಕಾರಣ ಹದ. ಹಾಗಾಗಿ ಅಲಗಿನ ಮೇಲಿನ ಉಕ್ಕಿನ ನಂಬರು ಓದಿ ಪಂಡಿತರ ಹಾಗೆ ತಲೆಯಾಡಿಸುವವರನ್ನು ಕಂಡರೆ ನನಗೆ ನಗು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯವರ ಅಲಗು, ಉಕ್ಕಿನ ಗಟ್ಟಿತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು. ಇದಕ್ಕಿಂತ ಗಟ್ಟಿ ಉಕ್ಕು ಬೇಕಾದಷ್ಟಿದೆ, ಇದು ಬೇಗ ಮೊಂಡಾಗುತ್ತದೆ ಅಂತ ಮೂಗು ಮುರಿಯುವವರೂ ಇದ್ದಾರೆ. ಮುರಿಯಲಿ. ಸಾಣೆಕಲ್ಲಿನ ಮೇಲೆ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಎಳೆದರೆ ಮತ್ತೆ ಹರಿತ. ಗಟ್ಟಿ ಉಕ್ಕು ತಂದು, ಮೊಂಡಾದ ಮೇಲೆ ಸಾಣೆ ಹಿಡಿಯಲು ಬಾರದೆ ಡ್ರಾಯರಿನಲ್ಲಿ ಮಲಗಿಸಿದವರು ಎಷ್ಟು ಮಂದಿ ಬೇಕು ನಿಮಗೆ?

ಹೆಸರಿದ್ದರೆ ಸಾಲದು, ಅದು ಯಾರ ಹೆಸರು ಅಂತಲೂ ನೋಡಬೇಕು. ಲಾಗಿಯೋಲ್ ಅಂತ ಚೆಲುವಾದ ಚಾಕು ಇದೆ, ಬೆನ್ನ ಮೇಲೆ ಒಂದು ಜೇನುಹುಳ ಕೂತಿರುತ್ತದೆ. ಅದು ಕಂಪನಿಯ ಹೆಸರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಫ್ರಾನ್ಸಿನ ಒಂದು ಊರಿನ ಹೆಸರು. ಆ ಮಾದರಿಯ ಚಾಕು ಬಹಳ ಮಂದಿ ಮಾಡುತ್ತಾರೆ. ಕಣ್ಣಿಗೊತ್ತಿಕೊಳ್ಳುವಂಥದ್ದೂ ಇದೆ, ಕಸಕ್ಕೆ ಎಸೆಯುವಂಥದ್ದೂ ಇದೆ, ಎರಡರ ಮೇಲೂ ಜೇನುಹುಳ ಇದೆ. ಜರ್ಮನಿಯ ಸೋಲಿಂಗನ್ನೂ ಊರೇ, ಆದರೆ ಅದರ ಕತೆ ಬೇರೆ. ಆ ಹೆಸರಿಗೆ 1938ರಿಂದಲೇ ಕಾನೂನಿನ ಕಾವಲಿದೆ, ಮುಖ್ಯ ಕೆಲಸವೆಲ್ಲ ಅಲ್ಲೇ ಆಗದೆ ಆ ಮುದ್ರೆ ಒತ್ತುವ ಹಾಗಿಲ್ಲ. ಸ್ವಿಸ್ ಸೈನ್ಯದ ಚಾಕು ಅಂತ ಎಲ್ಲರೂ ಕೊಂಡಾಡುತ್ತಾರಲ್ಲ, ಆ ಸೈನ್ಯದ ಮೊದಲ ಚಾಕುಗಳು ತಯಾರಾದದ್ದೂ ಇದೇ ಸೋಲಿಂಗನ್ನಿನಲ್ಲಿ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ಆಗ ಸ್ವಿಟ್ಜರ್ಲೆಂಡಿನಲ್ಲೇ ಇರಲಿಲ್ಲ. ಕಾರ್ಲ್ ಎಲ್ಸನರ್ ಅನ್ನುವವರು 1884ರಲ್ಲಿ ಅಂಗಡಿ ಇಟ್ಟು, 1891ರಲ್ಲಿ ಸೈನ್ಯಕ್ಕೆ ತಾವೇ ಚಾಕು ಕೊಡತೊಡಗಿದರು. ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು 1909ರಲ್ಲಿ ಕಂಪನಿಗಿಟ್ಟರು. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, 1921ರಲ್ಲಿ, ಬಾಲದಲ್ಲಿ ಆ ಉಕ್ಕಿನ ಫ್ರೆಂಚ್ ಹೆಸರು ಇನಾಕ್ಸ್ ಸೇರಿ ವಿಕ್ಟೋರಿನಾಕ್ಸ್ ಆಯಿತು. ಒಂದು ಹೆಸರಿಗೆ ತೂಕ ಬರಲು ಇಷ್ಟು ಕಾಲ ಹಿಡಿಯಿತು, ನಮ್ಮ ಹುಡುಗ ಎರಡು ನಿಮಿಷದ ವಿಡಿಯೋ ನೋಡಿ "ಒಳ್ಳೇ ಬ್ರಾಂಡ್" ಅನ್ನುತ್ತಾನೆ. ನಮ್ಮ ನೆಂಟರೊಬ್ಬರು ಹಿಡಿಯ ಬಣ್ಣ, ಗುರುತು ಎಲ್ಲ ಹೆಸರುವಾಸಿ ಚಾಕುವಿನ ಹಾಗೇ ಇರುವುದೊಂದನ್ನು ಜಂಬದಿಂದ ತಂದಿದ್ದರು. ಕನ್ನಡಕ ಹಾಕಿ ಅಲಗಿನ ಬುಡ ನೋಡಿದರೆ ಹೆಸರಿನಲ್ಲಿ ಒಂದು ಅಕ್ಷರವೇ ಇಲ್ಲ. ಮುದ್ರೆ ಓದುವುದು ಬುಡದಲ್ಲಿ, ಡಬ್ಬಿಯ ಮೇಲಲ್ಲ.

ಹೆಸರಿನ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಅದನ್ನು ಬಾಗಿಲಾಚೆ ನಿಲ್ಲಿಸಿ ಕೈಯನ್ನು ಒಳಗೆ ಕರೆಯಿರಿ.

ಕೈಗಳು ಒಂದೇ ಥರ ಇರುವುದಿಲ್ಲ ಅನ್ನುವುದು ಒಳ್ಳೇ ಚಾಕು ಮಾಡುವವರಿಗೇ ಗೊತ್ತು. ಫ್ರಾನ್ಸಿನ ಒಪಿನೆಲ್ ನೋಡಿ. 1890ರಿಂದ ಇರುವ, ಮರದ ಹಿಡಿಯ ಸೀದಾಸಾದಾ ಚಾಕು. 1897ರಲ್ಲೇ ಅದಕ್ಕೆ 1ರಿಂದ 12ರವರೆಗೆ ನಂಬರು ಕೊಟ್ಟು ಸಣ್ಣದು ದೊಡ್ಡದು ಮಾಡಿದರು. ಏಳನೇ ನಂಬರಿನ ಅಲಗು 8 ಸೆಂಟಿಮೀಟರ್, ಎಂಟನೆಯದು 8.5. ಅರ್ಧ ಸೆಂಟಿಮೀಟರಿಗೆ ಯಾರಾದರೂ ಇನ್ನೊಂದು ಚಾಕು ಮಾಡುತ್ತಾರಾ ಅಂತ ನಾನೂ ಅಂದುಕೊಂಡಿದ್ದೆ. ಎರಡನ್ನೂ ಒಂದಾದ ಮೇಲೊಂದು ಹಿಡಿದಾಗ ಕಿರುಬೆರಳಿಗೆ ಅರ್ಥವಾಯಿತು. ಒಂದರಲ್ಲಿ ಅದಕ್ಕೆ ಜಾಗವಿತ್ತು, ಇನ್ನೊಂದರಲ್ಲಿ ಅಂಚಿನಿಂದ ಜಾರುತ್ತಿತ್ತು. ಅದೇ ಹೆಸರು, ಅದೇ ಉಕ್ಕು.

ಹಿಡಿದು ನೋಡುವಾಗ ಕಣ್ಣು ಮುಚ್ಚಿ. ಕಣ್ಣು ಬಿಟ್ಟಿದ್ದರೆ ಅದು ಚೆಂದಕ್ಕೆ ಮರುಳಾಗುತ್ತದೆ, ಕೈಗೆ ಮಾತಾಡಲು ಬಿಡುವುದಿಲ್ಲ. ಮಡಚಿದ ಚಾಕುವನ್ನು ಬಿಗಿಯಾಗಿ ಹಿಡಿದು ಹಗ್ಗ ಎಳೆಯುವ ಹಾಗೆ ಮಣಿಕಟ್ಟು ತಿರುವಿ. ಎಲ್ಲಿ ಒತ್ತುತ್ತದೋ ನಾಳೆ ಅಲ್ಲೇ ಬೊಬ್ಬೆ. ಜೇಬಿನ ಅಂಚಿಗೆ ಸಿಕ್ಕಿಸುವ ಆ ಕ್ಲಿಪ್ ಇದೆಯಲ್ಲ, ಅದು ಬಹಳ ಸಲ ಅಂಗೈಗೇ ಚುಚ್ಚುತ್ತದೆ. ಆಮೇಲೆ ಕಣ್ಣು ಬಿಟ್ಟೇ ತೆಗೆದು ಮುಚ್ಚಿ, ಒಂದು ಸಲವಲ್ಲ, ಹತ್ತು ಸಲ. ಮೊದಲ ಸಲ ಎಲ್ಲರಿಗೂ ಸಲೀಸು, ಏಳನೆಯದಕ್ಕೆ ಉಗುರು ಸತ್ಯ ಹೇಳುತ್ತದೆ. ಎಡಗೈ ಬಳಸುವವರು ಇನ್ನೂ ಹುಷಾರಾಗಿರಬೇಕು, ಅಲಗನ್ನು ಎತ್ತುವ ಉಗುರುಗುಳಿ ಬಹುಪಾಲು ಅವರಿಗೆ ತಪ್ಪು ಮಗ್ಗುಲಲ್ಲೇ ಇರುತ್ತದೆ. ಲಾಕ್ ಇಲ್ಲದ ಚಾಕುವಾದರೆ ಮೊನೆ ಒತ್ತಿ ಚುಚ್ಚುವ ಕೆಲಸಕ್ಕೆ ಹೋಗಲೇಬೇಡಿ, ಮಡಚಿಕೊಂಡು ಬೆರಳಿಗೇ ಬರುತ್ತದೆ. ಇದನ್ನೂ ಹೇಳಿಕೊಡಬೇಕಾ?

ಈಗ ನನ್ನ ಉಪಾಯ. ಮನೆಯವರೆಲ್ಲ ನಗುತ್ತಾರೆ, ನಗಲಿ. ಚಾಕು ಕೊಳ್ಳುವ ಮೊದಲು ಒಂದು ವಾರ ಸುಳ್ಳು ಚಾಕು ಇಟ್ಟುಕೊಂಡು ಓಡಾಡಬೇಕು.

ಇದು ಹುಟ್ಟಿದ್ದು ನಮ್ಮ ಯಜಮಾನರಿಂದ. ಮದುವೆಯಾದ ಹೊಸತರಲ್ಲಿ, ಒಬ್ಬರು ಅವರಿಗೆ ಭಾರೀ ಹೆಸರಿನ, ಹಿತ್ತಾಳೆ ತುದಿಗಳ ದೊಡ್ಡ ಚಾಕು ಉಡುಗೊರೆ ಕೊಟ್ಟರು. ಅಂಥ ಚಾಕು ನಾನು ಮತ್ತೆ ಕಂಡಿಲ್ಲ, ಮುಚ್ಚಿದರೆ ಪೆಟ್ಟಿಗೆಯ ಬೀಗ ಬಿದ್ದ ಹಾಗೆ ಸದ್ದು. ಮೊದಲ ದಿನ ಜೇಬಿನಲ್ಲಿತ್ತು. ಮೂರನೇ ದಿನ ಕೂರುವಾಗ ತೊಡೆಗೆ ಒತ್ತುತ್ತದೆ ಅಂತ ಮೇಜಿನ ಮೇಲೆ. ವಾರದೊಳಗೆ ಡ್ರಾಯರಿಗೆ. ಆಮೇಲೆ ಮೂವತ್ತು ವರ್ಷ ದಾರ ಕತ್ತರಿಸಬೇಕಾದಾಗಲೆಲ್ಲ ನನ್ನ ಪುಟ್ಟ ಚಾಕು ಕೇಳಿಕೊಂಡು ಬರುತ್ತಿದ್ದರು. ಚಾಕುವಿನಲ್ಲಿ ದೋಷವಿರಲಿಲ್ಲ, ಜೇಬಿಗೆ ಅದು ಭಾರ, ಅಷ್ಟೇ.

ಮಾಡುವುದು ಹೀಗೆ. ನಿಮ್ಮ ಮನಸ್ಸಿನಲ್ಲಿರುವ ಚಾಕುವಿನ ತೂಕ, ಮಡಚಿದಾಗಿನ ಉದ್ದ, ದಪ್ಪ ಬರೆದುಕೊಳ್ಳಿ, ಹೆಸರಿರುವ ಕಂಪನಿ ಇವನ್ನು ಮುಚ್ಚಿಡುವುದಿಲ್ಲ. ವಿಕ್ಟೋರಿನಾಕ್ಸ್‌ನ ಮಧ್ಯಮ ಅಳತೆಯದು ಮಡಚಿದರೆ 91 ಮಿಲಿಮೀಟರ್, ಅದರಲ್ಲೇ ತೆಳ್ಳಗಿನವು 60 ಗ್ರಾಂ ಆಚೀಚೆ. ಒಪಿನೆಲ್ ಎಂಟನೆಯದು ಉದ್ದವಾದರೂ 45 ಗ್ರಾಂ ಹತ್ತಿರ ಅಷ್ಟೇ, ಮರವಲ್ಲವಾ. ಬಕ್ 110 ಹೆಚ್ಚುಕಡಿಮೆ 200 ಗ್ರಾಂ. ದಪ್ಪ ರಟ್ಟನ್ನು ಅದೇ ಉದ್ದಕ್ಕೆ, ಅದೇ ಅಗಲಕ್ಕೆ ಎರಡು ತುಂಡು ಕತ್ತರಿಸಿ. (ರಟ್ಟಿಗೆ ಹಳೇ ಕತ್ತರಿ! ಬಟ್ಟೆ ಕತ್ತರಿಯನ್ನು ಕಾಗದಕ್ಕೆ ಹಾಕಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒಂದು ಸಲ ಹಾಕಿದರೆ ಮುಗಿಯಿತು, ಆಮೇಲೆ ಬಟ್ಟೆಯನ್ನು ಅಗಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ.) ಎರಡು ರಟ್ಟಿನ ನಡುವೆ ಚಿಲ್ಲರೆ ನಾಣ್ಯಗಳನ್ನು ಸಾಲಾಗಿ ಜೋಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾ ಒಂದೊಂದೇ ಹಾಕಿ. ರಾಶಿ ಹಾಕಬೇಡಿ, ಒಂದೇ ಕಡೆ ಭಾರ ಬಿದ್ದರೆ ಜೇಬಿನಲ್ಲಿ ತಲೆಕೆಳಗಾಗುತ್ತದೆ. ನಾಣ್ಯ ಅಲುಗಿದರೆ ಸದ್ದಿಗೆ ನಿಮಗೇ ಸಿಟ್ಟು ಬರುತ್ತದೆ, ಪಾಪದ ಚಾಕುವಿನ ಮೇಲೆ ತಪ್ಪು ಹಾಕುತ್ತೀರಿ. ಅದಕ್ಕೆ ಸಂದಿಗೆಲ್ಲ ಹತ್ತಿ ತುರುಕಿ, ಹಳೇ ಕಾಲುಚೀಲದ ಮೂತಿಯೊಳಗೆ ತೂರಿಸಿ, ಬಾಯಿ ಹೊಲಿಯಿರಿ. ಗಂಟು ಹಾಕಬೇಡಿ, ಹೊಲಿಯಿರಿ. ಗಂಟು ಉಬ್ಬಿ ದಪ್ಪದ ಲೆಕ್ಕ ತಪ್ಪುತ್ತದೆ.

ಇದನ್ನು ಚಾಕು ಇರಬೇಕಾದ ಜೇಬಿನಲ್ಲೇ ಇಟ್ಟುಕೊಳ್ಳಿ, ಬೀಗದ ಕೈ ಇದ್ದರೆ ಅದರ ಜೊತೆಗೇ. ಮೆಟ್ಟಿಲು ಹತ್ತಿ, ಕೂತು ಏಳಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳಿ. ಅದರ ಬಗ್ಗೆ ಯೋಚನೆ ಮಾಡಬೇಡಿ. ರಾತ್ರಿ ಮಲಗುವ ಮುಂಚೆ ಮಾತ್ರ ಅದೆಲ್ಲಿದೆ ನೋಡಿ. ಜೇಬಿನಲ್ಲೇ ಇದ್ದರೆ ಸರಿ. ಮೇಜಿನ ಮೇಲೋ, ಚೀಲದೊಳಗೋ, ಇನ್ನೊಂದು ಬಟ್ಟೆಯಲ್ಲೋ ಸಿಕ್ಕರೆ ನಿಜವಾದ ಚಾಕುವಿನ ಗತಿಯೂ ಅದೇ ಅಂತ ತಿಳಿಯಿರಿ. ಡಬ್ಬಿ ಬಿಚ್ಚುವ ಪ್ರಸಂಗ ಬಂದಾಗಲೆಲ್ಲ ಕೈ ಹೋಗಿ ಅದನ್ನು ಮುಟ್ಟಬೇಕು. ನಾಲ್ಕನೇ ದಿನದ ಹೊತ್ತಿಗೂ ಮುಟ್ಟದಿದ್ದರೆ ನಿಮಗೆ ಜೇಬುಚಾಕುವೇ ಬೇಡ, ಕತ್ತರಿ ಸಾಕು. ಆ ದುಡ್ಡೂ ಉಳಿಯಿತು.

ಮಲಗುವ ಮುಂಚೆ ನೋಡುವುದರಲ್ಲಿ ಇನ್ನೊಂದು ಲಾಭ ಇದೆ, ಒಗೆಯಲು ಹಾಕುವ ಮೊದಲು ಜೇಬು ತಡಕುವ ಅಭ್ಯಾಸವಾಗುತ್ತದೆ. ನಮ್ಮನೆಯಲ್ಲಿ ಮರದ ಹಿಡಿಯ ಚಾಕುವೊಂದು ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್ನಿನಲ್ಲಿ ಪೂರ್ತಿ ಒಂದು ಸುತ್ತು ಮುಗಿಸಿ ಬಂತು. ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಂಡುಬಿಟ್ಟಿತ್ತು. ಇಕ್ಕಳ ತರಲು ಹೊರಟಿದ್ದವನನ್ನು ಬೈದು ಕೂರಿಸಿದೆ. ನೆರಳಲ್ಲಿ ವಾರವಿಡೀ ಒಣಗಿಸಿ, ಕೀಲಿಗೆ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಎಣ್ಣೆ ಬಿಟ್ಟ ಮೇಲೆ ತಾನಾಗೇ ತೆರೆದುಕೊಂಡಿತು. ಬಿಸಿಲಿಗಿಟ್ಟಿದ್ದರೆ ಸೀಳುತ್ತಿತ್ತು.

ಕೈಯ ಮಾತೂ ಶಾಶ್ವತವಲ್ಲ ಅನ್ನುವುದು ನನಗೆ ತಡವಾಗಿ ತಿಳಿಯಿತು. ಯಜಮಾನರು ಬಂದುಬಂದು ಕೇಳುತ್ತಿದ್ದ ನನ್ನ ಆ ಪುಟ್ಟ ಚಾಕು ಈಗ ನನಗೇ ಒಗ್ಗುವುದಿಲ್ಲ. ಹೆಬ್ಬೆರಳ ಗಿಣ್ಣು ನೋಯುತ್ತದೆ, ಸ್ಪ್ರಿಂಗ್ ಬಿಗಿ ಅನ್ನಿಸುತ್ತದೆ, ಉಗುರು ಸೀಳುತ್ತದೆ. ಸ್ಪ್ರಿಂಗ್ ಆಗಲೂ ಅಷ್ಟೇ ಬಿಗಿಯಿತ್ತು. ಅದನ್ನು ಮೊಮ್ಮಗಳಿಗೆ ಕೊಟ್ಟು, ಎರಡು ಬೆರಳಲ್ಲಿ ಚಿವುಟಿ ತೆರೆಯುವಂಥ, ಸ್ಪ್ರಿಂಗೇ ಇಲ್ಲದೆ ಹಿಡಿಯ ತುದಿಯ ಲೋಹದ ಬಳೆ ತಿರುಗಿಸಿ ಲಾಕ್ ಮಾಡುವ ಮರದ ಹಿಡಿಯದನ್ನು ಇಟ್ಟುಕೊಂಡಿದ್ದೇನೆ. ಹೊಸ ಕಂಪನಿಯವರು ಬೈದುಕೊಳ್ಳಲಿ, ಹಳಬರು ಬೈದುಕೊಳ್ಳಲಿ, ನನ್ನ ಗಿಣ್ಣು ಅವರ ಹತ್ತಿರ ಇಲ್ಲ.

ಮೊಮ್ಮಗನಿಗೆ ಆ ಕಪ್ಪು ಚಾಕುವಿನ ತೂಕ ಹುಡುಕಿಸಿದೆ, 160 ಗ್ರಾಂ. ಅಷ್ಟೇ ಭಾರದ ಕಾಲುಚೀಲ ಹೊಲಿದುಕೊಟ್ಟೆ. ಎರಡನೇ ದಿನ ಅದು ಸೋಫಾದ ಸಂದಿಯಲ್ಲಿ ಸಿಕ್ಕಿತು. ನಾನು ಏನೂ ಅನ್ನಲಿಲ್ಲ, ಎತ್ತಿ ಅವನ ತಟ್ಟೆಯ ಪಕ್ಕ ಇಟ್ಟೆ. ಮೂರನೇ ದಿನ ತಾನಾಗೇ ಬಂದು "ಸ್ವಲ್ಪ ನಾಣ್ಯ ತೆಗೆದು ಮತ್ತೆ ಹೊಲಿದುಕೊಡು" ಅಂದ. ನಾಲ್ಕನೇ ದಿನ ಇನ್ನೂ ಸ್ವಲ್ಪ. ಈಗ ಎಪ್ಪತ್ತರ ಹತ್ತಿರ ಬಂದು ನಿಂತಿದೆ, ನಿನ್ನೆ ರಾತ್ರಿ ಜೇಬಿನಲ್ಲೇ ಇತ್ತು. ಯಾವ ಬ್ರಾಂಡ್ ಅಂತ ಅವನಿನ್ನೂ ಕೇಳಿಲ್ಲ, ವಾರಕ್ಕೆ ಎರಡು ದಿನ ಬಾಕಿ ಇದೆ.